ಒಂದು ದಿನ ಮೊದಲು ಬಂದ ಬ್ಯಾಂಡು

ಮೊನ್ನೆ ಅಂಗಡಿಯಿಂದ ಉದ್ದಿನಬೇಳೆ ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿದಾಗ ಅದರಲ್ಲಿ ಒಂದು ಚಿತ್ರ ಇತ್ತು. ಹಣೆ ಮುಚ್ಚುವಷ್ಟು ಕೂದಲು ಬಿಟ್ಟ ನಾಲ್ಕು ಜನ ಪರದೇಶಿ ಹುಡುಗರು, ಕೈಯಲ್ಲಿ ಗಿಟಾರು. ಕೆಳಗೆ, ಇವರು ಒಂದು ಕಾಲದಲ್ಲಿ ಜಗತ್ತನ್ನೇ ಸುತ್ತಿದ ಬ್ಯಾಂಡಿನವರು, ಇವರು ಹೋದಲ್ಲೆಲ್ಲ ಜನ ಹುಚ್ಚೆದ್ದು ಕುಣಿಯುತ್ತಿದ್ದರು ಎಂದು ಬರೆದಿತ್ತು. ಬೇಳೆಯನ್ನು ಡಬ್ಬಿಗೆ ಹಾಕಿ ಕಾಗದವನ್ನು ಮಡಚಿ ದೇವರ ಕೋಣೆಯ ಗೂಡಿನಲ್ಲಿಟ್ಟೆ. ಆ ಹುಡುಗರ ಮೇಲಿನ ಭಕ್ತಿಯಿಂದಲ್ಲ. ಅವರ ಸುದ್ದಿಯನ್ನು ನನಗೆ ಮೊದಲು ಹೇಳಿದ್ದು ನಮ್ಮ ಬ್ಯಾಂಡ್ ಮಾಸ್ಟ್ರು. ಮಾಸ್ಟ್ರ ಚಿತ್ರವೆಂಬುದು ನನ್ನ ಹತ್ತಿರ ಒಂದೂ ಇಲ್ಲ.

ಹೆಸರು ಬರೆಯುವುದಿಲ್ಲ. ಬಂಟ್ವಾಳ ಪೇಟೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡದ್ದೂ ಇಲ್ಲ. ದೊಡ್ಡವರಿಗೂ ಮಕ್ಕಳಿಗೂ ಅವರು ಮಾಸ್ಟ್ರು. ನಮ್ಮ ಅತ್ತೆ ಮಾತ್ರ, ನಮ್ಮ ಕಡೆ ಕ್ರಿಸ್ತುವರನ್ನು ಮರ್ಯಾದೆಯಿಂದ ಕರೆಯುವ ಹಾಗೆ, "ಪೊರ್ಬುಲೇ" ಎನ್ನುತ್ತಿದ್ದರು. ನಾನು ಮದುವೆಯಾಗಿ ಆ ಓಣಿಗೆ ಬಂದಾಗ ನಮ್ಮ ಮನೆಯ ಎದುರಿಗೇ ಅವರ ಮನೆ. ಮಳೆಗಾಲದಲ್ಲಿ ದರ್ಜಿ, ಬೇಸಿಗೆಯಲ್ಲಿ ಬ್ಯಾಂಡಿನವರು. ಮಳೆ ಹಿಡಿದರೆ ಮದುವೆಗಳಿಲ್ಲ. ಆಗ ಕಹಳೆ, ಕ್ಲಾರಿನೆಟ್ಟುಗಳಿಗೆ ಎಣ್ಣೆಬಟ್ಟೆ ಸುತ್ತಿ ಅಟ್ಟಕ್ಕೇರಿಸಿ, ಹೊಲಿಗೆ ಮಿಶನಿನ ಎದುರು ಕೂರುತ್ತಿದ್ದರು. ದೀಪಾವಳಿ ಕಳೆಯಿತೋ, ಕಾಲು ನಿಲ್ಲುತ್ತಿರಲಿಲ್ಲ. ಲಾರಿಯೊಂದರ ಹಿಂಬದಿಯಲ್ಲಿ ಹನ್ನೆರಡು ಜನ, ಮಧ್ಯದಲ್ಲಿ ಮದುಮಗಳ ಹಾಗೆ ದೊಡ್ಡ ಡೋಲು. ಇವತ್ತು ಬೆಳ್ತಂಗಡಿ, ನಾಳೆ ಮೂಡಬಿದಿರೆ, ಮರುದಿನ ಬಂಟ್ವಾಳ. ಇದಕ್ಕೆ ಅವರು "ತಿರುಗಾಟ" ಎನ್ನುತ್ತಿದ್ದರು. ಯಕ್ಷಗಾನ ಮೇಳದವರ ಮಾತು ಅದು.

"ಮೇಳದವರಿಗೆ ಮಾತ್ರ ತಿರುಗಾಟ ಇರುವುದಾ ಅಮ್ಮ? ನಾವೇನು ಲಾರಿಯಲ್ಲಿ ಮಲಗಿಕೊಂಡು ಹೋಗುವುದಾ?"

ಮಲಗಿಕೊಂಡೇ ಹೋಗುತ್ತಿದ್ದರು, ಅದು ಬೇರೆ ಮಾತು.

ಸಣ್ಣ ಆಳು. ಮೀಸೆಯ ನಡುವೆ ಎರಡು ಬೆರಳಗಲ ಜಾಗ ಬಿಟ್ಟು ಕತ್ತರಿಸಿಕೊಳ್ಳುತ್ತಿದ್ದರು, ಊದುವಾಗ ಅಡ್ಡ ಬರಬಾರದೆಂದು. ಹಾಗಾಗಿ ಮೂಗಿನ ಕೆಳಗೆ ಏನೋ ಮರೆತುಹೋದ ಹಾಗೆ ಕಾಣುತ್ತಿತ್ತು. ಕೆಂಪು ಕೋಟು, ಹಳದಿ ಪಟ್ಟಿ, ಹೆಗಲ ಮೇಲೆ ಜರಿಯ ಕುಚ್ಚು, ಎಲ್ಲ ಅವರದೇ ಹೊಲಿಗೆ. ಎರಡು ಜೊತೆ ಇತ್ತು: ಹನ್ನೆರಡು ಹೊಸ ಕೋಟು, ಬಿಸಿಲಿಗೆ ಬಣ್ಣ ಹೋಗಿ ಹಂಚಿನ ಹಾಗೆ ಆದ ಹನ್ನೆರಡು ಹಳೆಯ ಕೋಟು.

ಅವರದ್ದು ಒಂದು ನಿಯಮ. ದೇವಸ್ಥಾನ, ಮುಸ್ಲಿಮರ ಪಳ್ಳಿ, ಕ್ರಿಸ್ತುವರ ಇಗರ್ಜಿ, ಯಾವುದರ ಎದುರು ಬಂದರೂ ಬಲಗೈ ಎತ್ತುತ್ತಿದ್ದರು. ಬ್ಯಾಂಡು ಗಪ್ಪನೆ ನಿಲ್ಲುತ್ತಿತ್ತು. ದಾಟಿದ ಮೇಲೆ ಪದ್ಯ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಶುರು. ನಮ್ಮ ಪೇಟೆ ಉದ್ದಕ್ಕೆ ಹಗ್ಗ ಹಾಸಿದ ಹಾಗೆ ಒಂದೇ ಬೀದಿ. ನಾಲ್ಕು ಹೆಜ್ಜೆಗೊಂದು ದೇವರು. ಆದ್ದರಿಂದ ಬಂಟ್ವಾಳದಲ್ಲಿ ಮಾಸ್ಟ್ರ ಒಂದು ಪದ್ಯವನ್ನು ಒಂದೇ ಉಸಿರಿಗೆ ಪೂರ್ತಿ ಕೇಳಿದವರು ಯಾರೂ ಇಲ್ಲ. ನಮ್ಮ ಯಜಮಾನರು ಒಮ್ಮೆ ತಮಾಷೆಗೆ ಅಂದರು, "ಮಾಸ್ಟ್ರೇ, ನಿಮ್ಮ ಪದ್ಯ ಕೇಳಬೇಕಾದರೆ ದೇವರಿಲ್ಲದ ಊರಿಗೆ ಹೋಗಬೇಕು."

"ಅಂಥ ಊರಿನಲ್ಲಿ ಮದುವೆ ಯಾರು ಆಗ್ತಾರೆ ಧಣಿ?" ಎಂದರು ಅವರು.

ಈಗ ನಾದಿನಿಯ ಮದುವೆಯ ಸಂಗತಿ ಹೇಳಬೇಕು. ಅದನ್ನು ಹೇಳದಿದ್ದರೆ ಮಾಸ್ಟ್ರ ಬಗ್ಗೆ ಬರೆದು ಪ್ರಯೋಜನವಿಲ್ಲ.

ಯಜಮಾನರ ತಂಗಿಗೆ ಎರಡು ಸಂಬಂಧ ತಪ್ಪಿಹೋಗಿತ್ತು. ಒಂದು ಜಾತಕದಿಂದ, ಇನ್ನೊಂದು, ನೋಡಲು ಬಂದವರಿಗೆ ಕಾಫಿ ತಡವಾಯಿತೆಂದು. ಆ ಕಾಫಿ ಮಾಡಿದವಳು ನಾನು. ಸೌದೆ ಹಸಿ ಇತ್ತು ಎಂದು ಹೇಳಿದರೆ ಯಾರು ಕೇಳುತ್ತಾರೆ? ಅಂದಿನಿಂದ ಅತ್ತೆ ನನ್ನನ್ನು ಎಂತದ್ದಕ್ಕೂ ಮುಂದೆ ಬಿಡುತ್ತಿರಲಿಲ್ಲ. ಮೂರನೆಯದಾಗಿ ಮೂಡಬಿದಿರೆಯ ಸಂಬಂಧ ಕೂಡಿ ಬಂದಾಗ ನಾನು ಧರ್ಮಸ್ಥಳದ ಸ್ವಾಮಿಗೆ ಹರಕೆ ಹೇಳಿಕೊಂಡೆ. ಆ ಮನೆಯಲ್ಲಿ ಹುಡುಗನ ದೊಡ್ಡಪ್ಪನದ್ದೇ ಮಾತು. ಅವರು ಬಂಗಾರ ಕೇಳಲಿಲ್ಲ, ಪಾತ್ರೆ ಕೇಳಲಿಲ್ಲ. ಒಂದೇ ಮಾತು:

"ದಿಬ್ಬಣ ಬಂಟ್ವಾಳ ಪೇಟೆಗೆ ಕಾಲಿಡುವಾಗ ಆ ಮಾಸ್ಟ್ರ ಹನ್ನೆರಡು ಜನರ ಬ್ಯಾಂಡು ಎದುರುಗೊಳ್ಳಬೇಕು. ಹನ್ನೊಂದು ಆಗಬಾರದು. ಬ್ಯಾಂಡಿಲ್ಲದಿದ್ದರೆ ನಾವು ಬಸ್ಸಿನಿಂದ ಇಳಿಯುವುದಿಲ್ಲ."

ಅವರ ಪಕ್ಕದ ಮನೆಯ ಮದುವೆಯಲ್ಲಿ ಹನ್ನೆರಡು ಜನ ಊದಿದ್ದರಂತೆ. ಮನುಷ್ಯನ ಮನಸ್ಸು.

ಬ್ಯಾಂಡಿಗೆ ವೀಳ್ಯ ಕೊಟ್ಟರೆ ಅದೇ ಮಾತು, ಅದೇ ಬರಹ. ಬೇರೆ ಕಾಗದಪತ್ರ ಇಲ್ಲ. ಅತ್ತೆಗೆ ಮೊಣಕಾಲು ನೋವು, ಯಜಮಾನರು ಕಚೇರಿಯಲ್ಲಿ. ಬೇರೆ ದಾರಿಯಿಲ್ಲದೆ ಅತ್ತೆ ನನ್ನ ಕೈಗೆ ಹರಿವಾಣ ಕೊಟ್ಟು, "ಬೇಶ ಹನ್ನೆರಡಕ್ಕೆ ಮುಹೂರ್ತ ಅಂತ ಹೇಳಿ ಬಾ. ಇಷ್ಟಾದರೂ ಆಗ್ತದಲ್ಲ ನಿನ್ನಿಂದ?" ಎಂದರು. ಬೇಶ ಎಂದರೆ ನಮ್ಮ ತುಳು ತಿಂಗಳು, ಮಳೆಗೆ ಸ್ವಲ್ಪ ಮೊದಲು ಬರುವುದು.

ಮಾಸ್ಟ್ರು ವೀಳ್ಯವನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಗೋಡೆಯಲ್ಲಿ ಇಗರ್ಜಿಯ ಕ್ಯಾಲೆಂಡರು, ಅದರ ಎದುರು ಪೆನ್ಸಿಲು ಹಿಡಿದು ನಿಂತು, "ಇಂಗ್ಲಿಷ್ ತಾರೀಕು ಯಾವುದು ಅಮ್ಮ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಓಣಿ ದಾಟಿ ಅತ್ತೆಯನ್ನು ಕೇಳಿ ಬರಬಹುದಿತ್ತು. ಆದರೆ ಅತ್ತೆಯ ಆ ಕೊನೆಯ ಮಾತು ಕಿವಿಯಲ್ಲಿತ್ತು. "ನಿಮಗೆ ಗೊತ್ತುಂಟಲ್ಲ ಮಾಸ್ಟ್ರೇ, ನೀವೇ ಎಣಿಸಿ" ಎಂದೆ, ದೊಡ್ಡ ಮನೆಯ ಯಜಮಾನಿಯ ಹಾಗೆ. ಅವರು ಸಂಕ್ರಮಣದ ದಿನಕ್ಕೆ ಪೆನ್ಸಿಲು ಇಟ್ಟು ಒಂದು, ಎರಡು ಎಂದು ಎಣಿಸಿ ಹನ್ನೆರಡಕ್ಕೆ 'ಬ' ಎಂದು ಬರೆದರು. ನಾನು ನೋಡುತ್ತಾ ನಿಂತೆ. ನಮ್ಮಲ್ಲಿ ಸಂಕ್ರಮಣದ ಮರುದಿನವೇ ತಿಂಗಳ ಮೊದಲ ದಿನ. ಅದು ನನಗೆ ಗೊತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ.

ಮದುವೆಯ ಹಿಂದಿನ ದಿನ ಬೆಳಗ್ಗೆ ಹತ್ತು ಗಂಟೆ. ನಾದಿನಿ ತಲೆಗೆ ಎಣ್ಣೆ ಹೊಯ್ದುಕೊಂಡು ಹಿತ್ತಿಲಲ್ಲಿ ಕೂತಿದ್ದಳು. ಯಜಮಾನರು ಬಾವಿಕಟ್ಟೆಯಲ್ಲಿ ಒಂದೇ ಒಂದು ಬೈರಾಸು ಸುತ್ತಿಕೊಂಡು ಮೈಗೆ ಸಾಬೂನು ಹಚ್ಚಿದ್ದರು. ನಾನು ಅರಶಿನ ಅರೆಯುತ್ತಿದ್ದೆ. ಅಂಗಳದಲ್ಲಿ ಅಡುಗೆಯವರು ಕುಂಬಳಕಾಯಿ ಹೋಳು ಮಾಡುತ್ತಿದ್ದರು. ಆಗ ಪೇಟೆಯ ತುದಿಯಲ್ಲಿ ಢಮ್ ಎಂದಿತು.

ಸ್ವರ ಬಂತು, ನಿಂತಿತು. ಪಳ್ಳಿ ಬಂತೆಂದು ಗೊತ್ತಾಯಿತು. ಮತ್ತೆ ಬಂತು, ಮತ್ತೆ ನಿಂತಿತು, ದೇವಸ್ಥಾನ. ಮೂರನೆಯ ಸಲ ಶುರುವಾದದ್ದು ನಮ್ಮ ಓಣಿಯಲ್ಲೇ.

"ದಿಬ್ಬಣ ಬಂತೋ!" ಎಂದು ಅತ್ತೆ ಕೂಗಿದ ಕೂಗಿಗೆ ಅಡುಗೆಯವನ ಕೈಯಿಂದ ಕುಂಬಳಕಾಯಿ ಜಾರಿತು. ಅತ್ತೆಯ ಅಕ್ಕ, ಕಣ್ಣು ಸರಿ ಕಾಣದ ಮುದುಕಿ, ಯಾರೂ ಹೇಳದೆಯೇ ಆರತಿ ಹಿಡಿದು ಚಪ್ಪರದ ಬಾಗಿಲಿಗೆ ಓಡಿದರು. ನಮ್ಮ ಯಜಮಾನರು ಸಾಬೂನಿನ ಮೈಯಲ್ಲೇ ವರನನ್ನು ಎದುರುಗೊಳ್ಳಲು ಹೊರಟು, ಅರ್ಧ ಅಂಗಳದಲ್ಲಿ ತನ್ನನ್ನು ತಾನು ನೋಡಿಕೊಂಡು ಬಾಳೆಗಿಡದ ಹಿಂದೆ ನಿಂತರು. ಹನ್ನೆರಡು ಜನ ಹೊಸ ಕೆಂಪು ಕೋಟಿನಲ್ಲಿ ಒಳಗೆ ಬಂದರು. ಎಂಟು ದಿನದಿಂದ ತಿರುಗಾಟದಲ್ಲಿದ್ದವರು, ಮೂಡಬಿದಿರೆಯಿಂದ ನೇರ ಲಾರಿಯಲ್ಲಿ ಬಂದು ಪೇಟೆಯ ತುದಿಯಲ್ಲಿ ಇಳಿದಿದ್ದರು. ಅತ್ತೆಯ ಅಕ್ಕ ಮೊದಲು ಸಿಕ್ಕಿದವರಿಗೇ, ಎಂದರೆ ಡೋಲಿನವನಿಗೆ, ಆರತಿ ಬೆಳಗಿ ಹಣೆಗೆ ಕುಂಕುಮವನ್ನೂ ಇಟ್ಟುಬಿಟ್ಟರು. ಪಾಪ, ಅವನು ಬಾರಿಸುವುದನ್ನು ನಿಲ್ಲಿಸದೆಯೇ ಬಗ್ಗಿ ಇಡಿಸಿಕೊಂಡ.

ಮಾಸ್ಟ್ರು ಪದ್ಯ ಮುಗಿಸಿ, ಸುತ್ತ ನೋಡಿ, "ವರನ ಕಡೆಯವರು ಎಲ್ಲಿ?" ಎಂದರು.

"ನಾಳೆ!" ಎಂದಿತು ಬಾಳೆಗಿಡ.

ಮಾಸ್ಟ್ರ ಕಹಳೆಯಿಂದ ಜೊಲ್ಲು ತೊಟ್ಟು ತೊಟ್ಟಾಗಿ ಚಪ್ಪರದ ಸೆಗಣಿ ನೆಲಕ್ಕೆ ಬೀಳುತ್ತಿತ್ತು.

"ನಾಳೆ ನನಗೆ ಬೆಳ್ತಂಗಡಿಯಲ್ಲಿ ಮದುವೆ ಉಂಟು ಧಣಿ" ಎಂದರು ಮೆಲ್ಲಗೆ. "ವೀಳ್ಯ ತೆಗೆದುಕೊಂಡಾಗಿದೆ."

ನೀವು ಕೇಳಬಹುದು, ಎದುರು ಮನೆಯವರಿಗೆ ಆಮಂತ್ರಣ ಕೊಟ್ಟಿರಲಿಲ್ಲವೇ ಎಂದು. ಕೊಟ್ಟಿದ್ದೆವು. ಅವರ ಹೆಂಡತಿ ಬಾಯಮ್ಮ, ಗಂಡ ತಿರುಗಾಟದಿಂದ ಬಂದ ಮೇಲೆ ತೋರಿಸುವ ಎಂದು ಅದನ್ನು ಮಾತೆಯ ಪಟದ ಹಿಂದೆ ಜೋಪಾನವಾಗಿ ಸಿಕ್ಕಿಸಿಟ್ಟಿದ್ದರು.

ಯಜಮಾನರು ಪಂಚೆ ಸುತ್ತಿಕೊಂಡು ಬಂದು ಕೇಳಿದರು: "ಮಾಸ್ಟ್ರಿಗೆ ದಿನ ಹೇಳಿದ್ದು ಯಾರು?"

ನನ್ನ ಕೈ ಅರಶಿನ. ಮುಖವೂ ಅದೇ ಬಣ್ಣಕ್ಕೆ ಬಂದಿರಬೇಕು. ಹಸಿ ಸೌದೆಯ ಒಂದು ಕಾಫಿ ಹಿಂದೆಯೇ ಆಗಿತ್ತು. ಈಗ ನಾಳೆ ಬಸ್ಸಿನಿಂದ ಇಳಿಯದೆ ಕೂರುವ ದೊಡ್ಡಪ್ಪ, ಮೂರನೆಯ ಸಲವೂ ತಪ್ಪಿದ ನಾದಿನಿಯ ಮದುವೆ. ಆ ಮನೆಯಲ್ಲಿ ನಾನು ಮತ್ತೆ ತಲೆ ಎತ್ತುವುದುಂಟೇ? ಮಾಸ್ಟ್ರು ಒಂದು ಸಲ ನನ್ನ ಕಡೆ ನೋಡಿದರು. ಒಂದೇ ಸಲ.

"ಯಾರೂ ಅಲ್ಲ. ಅಮ್ಮ ಸರಿಯಾಗಿಯೇ ಹೇಳಿದ್ದಾರೆ. ನಾನು ಎಣಿಸಿದ್ದು ತಪ್ಪಿತು."

ಅತ್ತೆ ಶುರು ಮಾಡಿದರು. "ಹನ್ನೆರಡು ಎಣಿಸ್ಲಿಕ್ಕೆ ಬಾರದವರು ಹನ್ನೆರಡು ಜನರ ಬ್ಯಾಂಡು ಹೇಗೆ ನಡೆಸ್ತೀರಿ ಪೊರ್ಬುಲೇ? ಕೋಟಿಗೆ ಗುಂಡಿ ಹೊಲಿಯುವಾಗ ಎಣಿಸುವುದಿಲ್ಲವಾ?" ಅಡುಗೆಯವರೂ ಎರಡೆರಡು ಮಾತು ಸೇರಿಸಿದರು. ಮಾಸ್ಟ್ರು ತಲೆಯಾಡಿಸುತ್ತಾ ಎಲ್ಲವನ್ನೂ ಕೇಳಿದರು, ಅಳತೆ ಕೊಡಲು ಬಂದವರ ಮಾತು ಕೇಳುವ ಹಾಗೆ. ಮುಗಿದ ಮೇಲೆ ಹೇಳಿದರು:

"ನಾಳೆ ಇಲ್ಲಿ ಹನ್ನೆರಡು ಕೋಟು ನಿಲ್ತದೆ ಅಮ್ಮ. ಬೆಳ್ತಂಗಡಿಯಲ್ಲಿಯೂ ಹನ್ನೆರಡು ಕೋಟು ನಿಲ್ತದೆ. ಎರಡು ವೀಳ್ಯ ತಿಂದಿದ್ದೇನೆ, ಎರಡೂ ಜೀರ್ಣ ಆಗಬೇಕು."

ಮಧ್ಯಾಹ್ನ ಅವರು ನೀರು ಸೇದಲು ಬಾವಿಯ ಹತ್ತಿರ ಬಂದಾಗ ನಾನು ಹೋಗಿ, "ಮಾಸ್ಟ್ರೇ, ತಪ್ಪು ನನ್ನದು. ನಾನು ಹೇಳಿಬಿಡ್ತೇನೆ" ಎಂದೆ. ಕಣ್ಣಲ್ಲಿ ನೀರು.

"ಬ್ಯಾಂಡಿನಲ್ಲಿ ಒಬ್ಬ ಅಪಸ್ವರ ಊದಿದರೆ ಬೈಗಳು ಮಾಸ್ಟ್ರಿಗೆ. ಊದಿದವನಿಗಲ್ಲ. ನಮ್ಮಲ್ಲಿ ಪದ್ಧತಿ ಹಾಗೆ."

"ನಾನು ನಿಮ್ಮ ಬ್ಯಾಂಡಿನವಳಾ?"

"ವೀಳ್ಯ ಕೊಟ್ಟವರು ಅರ್ಧ ಬ್ಯಾಂಡಿನವರೇ" ಎಂದು ಕೊಡಪಾನ ಹೊತ್ತು ಹೋದರು.

ಆರು ಜನ ಬೆಳ್ತಂಗಡಿಗೆ ಹೋದರು, ಅಲ್ಲಿಯ ಉಳಿದ ಆರು ಕೋಟಿಗೆ ಅಲ್ಲಿಯವರನ್ನೇ ಹುಡುಕುವುದೆಂದು. ಮಾಸ್ಟ್ರು ಮತ್ತು ಐದು ಜನ ಇಲ್ಲಿ. ಉಳಿದ ಆರು ಕೋಟುಗಳಿಗೆ ಪೇಟೆಯಲ್ಲಿ ಜನ ಹುಡುಕಿದರು: ಅಂಚೆಯವರು, ಸೋಡಾ ಅಂಗಡಿಯವರು, ದೋಣಿಯವರು ಇಬ್ಬರು, ಹೋಟೆಲಿನ ಅಡುಗೆಯವರು. ಆರನೆಯವರು ಬಳೆ ಅಂಗಡಿಯ ಬ್ಯಾರಿಯವರು, ನಮ್ಮ ಕರಾವಳಿಯ ಮುಸ್ಲಿಮರು. ಆರಡಿ ಎತ್ತರ, ಬಿಳಿ ಗಡ್ಡ, ಗಂಭೀರ ಮನುಷ್ಯ. ಅವರ ಕೈಗೆ ಹೋಟೆಲಿನ ಗ್ರಾಮಫೋನಿನ ದೊಡ್ಡ ಹಿತ್ತಾಳೆ ಕೊಳವೆಯನ್ನು ಕೊಟ್ಟರು. ಅಂಚೆಯವರಿಗೆ ಬಿರುಕು ಬಿಟ್ಟ ಕ್ಲಾರಿನೆಟ್ಟು. ಸೋಡಾದವರಿಗೆ ಸೀಮೆಎಣ್ಣೆ ಸುರಿಯುವ ಆಲಿಕೆ, ಹುಣಸೆಹುಳಿ ಹಾಕಿ ಉಜ್ಜಿದ್ದು. ನಮ್ಮ ಚಪ್ಪರದಲ್ಲೇ ಅಭ್ಯಾಸ ನಡೆಯಿತು.

"ಕಾಕಾ, ಕೆನ್ನೆ ಉಬ್ಬಿಸಬೇಕು. ಗಾಳಿ ಬಿಡಬಾರದು."

"ಗಾಳಿ ಬಿಡದಿದ್ದರೆ ಎಲ್ಲಿ ಇಡುವುದು ಮಾಸ್ಟ್ರೇ?"

"ಕೆನ್ನೆಯಲ್ಲೇ ಇಡಿ. ಊಟದ ಹೊತ್ತಿಗೆ ಬಿಟ್ಟರೆ ಸಾಕು."

ಊದದ ಆರು ಜನರಿಗೆ ಹೊಸ ಕೋಟು ತೊಡಿಸಿ, ನಿಜವಾಗಿ ಊದುವವರಿಗೆ ಬಣ್ಣ ಹೋದ ಹಳೆಯದನ್ನು ಕೊಟ್ಟರು. ಯಜಮಾನರು ಯಾಕೆಂದು ಕೇಳಿದ್ದಕ್ಕೆ, "ಊದಲಿಕ್ಕೆ ಬರುವವನಿಗೆ ಕೋಟು ಯಾಕೆ ಧಣಿ? ಬಾರದವನಿಗೆ ಬೇಕು" ಎಂದರು. ಈ ಮಾತನ್ನು ನಾನು ಬದುಕಿನಲ್ಲಿ ಎಷ್ಟೋ ಕಡೆ ನೆನೆಸಿಕೊಂಡಿದ್ದೇನೆ. ಎಲ್ಲೆಲ್ಲಿ ಎಂದು ಬರೆಯುವುದು ಚಂದವಲ್ಲ.

ಮರುದಿನ ಬಸ್ಸು ಬಂತು. ಮೂಡಬಿದಿರೆಯ ದೊಡ್ಡಪ್ಪ ಮೆಟ್ಟಿಲಲ್ಲೇ ನಿಂತು ಊರುಗೋಲು ಚಾಚಿ ಒಂದು, ಎರಡು ಎಂದು ಎಣಿಸಿದರು. ನಾನು ಹೆಂಗಸರ ಸಾಲಿನಲ್ಲಿ ಕಲಶ ಹಿಡಿದು, ಸ್ವಾಮಿಯ ನಾಮವನ್ನು ಅವರ ಲೆಕ್ಕದ ಜೊತೆಗೇ ಜಪಿಸಿದೆ. ಹನ್ನೆರಡು. ಅವರು ಇಳಿದರು. ಬ್ಯಾಂಡು ಹೊರಟಿತು. ಆರು ಜನರಲ್ಲಿ ಹನ್ನೆರಡು ಜನರ ಸ್ವರ ಬರಬೇಕೆಂದು ಮಾಸ್ಟ್ರು ಊದಿದ ರಭಸಕ್ಕೆ ಅವರ ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತ್ತು. ಪಳ್ಳಿಯ ಎದುರು ಬಂದಾಗ ಬಲಗೈ ಎತ್ತಿದರು. ಎಲ್ಲರೂ ನಿಲ್ಲಿಸಿದರು. ಬ್ಯಾರಿಯವರು ಉಬ್ಬಿಸಿದ ಕೆನ್ನೆಯನ್ನೂ ಇಳಿಸಿ, ಕೊಳವೆಯನ್ನು ಬಗ್ಗಿಸಿ ಹಿಡಿದು ದಾಟಿದರು. ಊದದೆ ಇದ್ದರೂ ಮರ್ಯಾದೆ ಮರ್ಯಾದೆಯೇ.

ಧಾರೆಯಾಯಿತು. ಊಟಕ್ಕೆ ಕೂತಾಗ ದೊಡ್ಡಪ್ಪ ನಮ್ಮ ಯಜಮಾನರನ್ನು ಹತ್ತಿರ ಕರೆದು ಹೇಳಿದರಂತೆ: "ಬ್ಯಾಂಡು ಒಳ್ಳೆಯದಿತ್ತು. ಅದರಲ್ಲಿಯೂ ಆ ಬಿಳಿ ಗಡ್ಡದವರು ಊದಿದ್ದುಂಟಲ್ಲ ಮಾರಾಯ್ರೆ, ಎದೆಗೇ ತಾಗಿತು. ಆ ಸಣ್ಣ ಮನುಷ್ಯ, ಹಳೆ ಕೋಟಿನವನು, ಅವನದ್ದು ಮಾತ್ರ ಸ್ವಲ್ಪ ಜೋರಾಯ್ತು."

ಈ ಮೆಚ್ಚುಗೆಯನ್ನು ಬ್ಯಾರಿಯವರಿಗೆ ಮುಟ್ಟಿಸಿದಾಗ ಅವರು ಗಡ್ಡ ನೀವಿಕೊಂಡು, "ಎಲ್ಲ ಮೇಲಿನವನು ಕೊಟ್ಟದ್ದು" ಎಂದರು.

ಮದುವೆ ಉಳಿಯಿತು, ನಾನೂ ಉಳಿದೆ. ಆದರೆ ಮಾಸ್ಟ್ರ ಹೆಸರು ಹೋಯಿತು. ಪೇಟೆಯಲ್ಲಿ ಯಾರಾದರೂ ಹೊತ್ತಿಗೆ ಮೊದಲು ಬಂದರೆ "ಎಂತದು, ಮಾಸ್ಟ್ರ ಲೆಕ್ಕವಾ?" ಎಂದು ಕೇಳುವುದು ರೂಢಿಯಾಯಿತು. ಅವರ ಎದುರಿಗೇ ಹೇಳುತ್ತಿದ್ದರು. ಎಲ್ಲರಿಗಿಂತ ಮೊದಲು ಅವರೇ ನಗುತ್ತಿದ್ದರು. ಅತ್ತೆಯಂತೂ ಪ್ರತಿ ಸಂಕ್ರಮಣಕ್ಕೆ ಓಣಿಯ ಈಚೆಯಿಂದ, "ಪೊರ್ಬುಲೇ, ಒಂದನೇ ದಿನ ನಾಳೆ! ಇವತ್ತಲ್ಲ!" ಎಂದು ಕೂಗಿ ಹೇಳುತ್ತಿದ್ದರು. "ಆಯ್ತು ಅಮ್ಮ, ಉಪಕಾರ!" ಎಂದು ಆಚೆಯಿಂದ ಉತ್ತರ. ನಾನು ಒಳಗೆ ಕೂತು ಎಲ್ಲವನ್ನೂ ಕೇಳುತ್ತಿದ್ದೆ. ದಿನಾ ಸಂಜೆ ದೀಪ ಹಚ್ಚಿ, ಆ ದಿನ ದೇವರು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಬೆರಳ ಗೆಣ್ಣಿನಲ್ಲಿ ಎಣಿಸುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ, ಒಂದು. ಮಗುವಿನ ಜ್ವರ ಇಳಿಯಿತು, ಎರಡು. ಮಾಸ್ಟ್ರು ಇವತ್ತೂ ಹೇಳಲಿಲ್ಲ, ಮೂರು. ಈ ಮೂರನೆಯದನ್ನು ಎಣಿಸುವಾಗ ಬೆರಳು ಸ್ವಲ್ಪ ತಡೆಯುತ್ತಿತ್ತು.

ಕೆಲವು ವರ್ಷಗಳ ಮೇಲೆ ಮುಂಬಯಿಯಲ್ಲಿದ್ದ ಅವರ ಅಳಿಯ ಊರಿಗೆ ಬಂದು ಆ ನಾಲ್ಕು ಪರದೇಶಿ ಹುಡುಗರ ಹಾಡಿನ ತಟ್ಟೆಯೊಂದನ್ನು ತಂದ. ಹೋಟೆಲಿನ ಗ್ರಾಮಫೋನಿನಲ್ಲಿ ಹಾಕಿಸಿ ಕೇಳಿ ಬಂದ ಮಾಸ್ಟ್ರು ನಮ್ಮ ಜಗಲಿಯಲ್ಲಿ ಕೂತು ವರದಿ ಕೊಟ್ಟರು.

"ಅವರ ತಿರುಗಾಟ ವಿಮಾನದಲ್ಲಿಯಂತೆ ಅಮ್ಮ. ಊರೂರಲ್ಲಿ ಹುಡುಗಿಯರು ಕಿರುಚಿ ಮೂರ್ಛೆ ಬೀಳ್ತಾರಂತೆ. ಅದೇನು ದೊಡ್ಡದು? ಬೆಳ್ತಂಗಡಿಯಲ್ಲಿ ನಮ್ಮ ಬ್ಯಾಂಡಿಗೂ ಒಬ್ಬಳು ಮೂರ್ಛೆ ಬಿದ್ದಿದ್ದಾಳೆ." ಆಮೇಲೆ, ಸತ್ಯವಂತರಾದ್ದರಿಂದ, ಸೇರಿಸಿದರು, "ಅವಳಿಗೆ ಅವತ್ತು ಉಪವಾಸ ಇತ್ತು."

ಆಮೇಲೊಂದು ಸಲ ಅಳಿಯನ ಕಾಗದ ಬಂತು: ಆ ಹುಡುಗರು ತಿರುಗಾಟವನ್ನೇ ನಿಲ್ಲಿಸಿದರಂತೆ. ಜನರ ಗದ್ದಲದಲ್ಲಿ ತಾವು ಬಾರಿಸಿದ್ದು ತಮಗೇ ಕೇಳುವುದಿಲ್ಲ, ಯಾರೂ ಕೇಳುವುದಿಲ್ಲ, ಮತ್ತೆ ಯಾಕೆ ಎಂದು. ಮಾಸ್ಟ್ರಿಗೆ ಇದು ನಿಜವಾಗಿಯೂ ಬೇಸರ ತಂದಿತು. ಕಾಗದವನ್ನು ಮಡಚಿ ಕಿಸೆಗೆ ಹಾಕಿ ಹೇಳಿದರು:

"ಕೇಳದಿದ್ದರೆ ಎಂತ ಆಯ್ತು? ಮದುವೆಯಲ್ಲಿ ನಮ್ಮದನ್ನು ಯಾರು ಕೇಳ್ತಾರೆ? ಎಲ್ಲರ ಕಿವಿ ಊಟದ ಎಲೆ ಹಾಕುವ ಕಡೆಗೆ. ಊದದ ಬ್ಯಾರಿಯವರಿಗೆ ಹೆಸರು ಬಂತು, ನನಗೆ ಜೋರಾಯ್ತು ಅಂದ್ರು. ನಾವು ನಿಲ್ಲಿಸಿದ್ದೇವಾ? ಅಷ್ಟು ಸಣ್ಣ ಪ್ರಾಯ ಮಕ್ಕಳಿಗೆ. ಯಾರಾದರೂ ಹಿರಿಯರು ಬುದ್ಧಿ ಹೇಳಬೇಕಿತ್ತು."

ಅವರು ತೀರಿಹೋದದ್ದು ಅದರ ಮರುವರ್ಷ, ಮಳೆಗಾಲದಲ್ಲಿ, ಹೊಲಿಗೆ ಮಿಶನಿನ ಎದುರು ಕೂತಲ್ಲೇ. ಕೈಯಲ್ಲಿ ಯಾರದ್ದೋ ರವಕೆಯ ತೋಳು. ಏಳನೆಯ ದಿನ ಇಗರ್ಜಿಯಲ್ಲಿ ಪೂಜೆ ಇದೆ, ಬರಬೇಕು ಎಂದು ಬಾಯಮ್ಮ ಹೇಳಿ ಕಳಿಸಿದರು. ನಾನು ಕೊಡೆ ಹಿಡಿದು ಹೊತ್ತಿಗೆ ಸರಿಯಾಗಿ ಹೋದೆ. ಇಗರ್ಜಿಯಲ್ಲಿ ಯಾರೂ ಇಲ್ಲ. ಗುಡಿಸುತ್ತಿದ್ದವರು ಕೇಳಿದರು:

"ಎಂತ ಬೇಕಿತ್ತು ಅಮ್ಮ?"

"ಮಾಸ್ಟ್ರ ಏಳನೆಯ ದಿನ..."

"ಅದು ನಿನ್ನೆ ಆಯ್ತಲ್ಲ."

ಇಗರ್ಜಿಯವರು ಮಾಸ್ಟ್ರು ತೀರಿದ ದಿನವನ್ನೇ ಒಂದು ಎಂದು ಎಣಿಸಿದ್ದರು. ನಾನು ಮರುದಿನದಿಂದ.

ಕೊನೆಯ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂತೆ. ನನ್ನ ದೇವರ ಹೆಸರನ್ನೇ ಹೇಳಿಕೊಂಡೆ, ಅಲ್ಲಿಯ ದೇವರು ಬೇಸರಿಸಿರಲಾರರು. ಅಲ್ಲಿಂದ ನೇರ ಬಾಯಮ್ಮನ ಮನೆಗೆ ಹೋದೆ. ಗೋಡೆಯ ಮೊಳೆಯಲ್ಲಿ ಹಳೆಯ ಕೋಟು ತೂಗುತ್ತಿತ್ತು.

"ನಿನ್ನೆ ಬರಲಿಲ್ಲ ನೀವು" ಎಂದರು ಬಾಯಮ್ಮ.

"ಎಣಿಸಿದ್ದು ತಪ್ಪಿತು ಬಾಯಮ್ಮ" ಎಂದೆ. ಆ ಮಾತು ನನ್ನ ಬಾಯಿಂದ ಹೊರಗೆ ಬಂದದ್ದೇ ತಡ, ಉಳಿದದ್ದೂ ಬಂತು. ವೀಳ್ಯ, ಪೆನ್ಸಿಲು, ಬಾವಿಕಟ್ಟೆ, ಎಲ್ಲ. "ಅವರು ನಿಮಗಾದರೂ ಹೇಳಿದ್ದಿರಬಹುದು."

ಬಾಯಮ್ಮ ಬಾಯಿ ತೆರೆದು ಕೂತರು. "ನನಗಾ? ಇಲ್ಲವಲ್ಲ! ಇಷ್ಟು ವರ್ಷ ನಾನೂ ಬೈದೆನಲ್ಲ ಆ ಮನುಷ್ಯನಿಗೆ! ಮೀನು ಹನ್ನೆರಡು ತನ್ನಿ ಅಂತ ಹೇಳಿ, 'ಸಂಕ್ರಮಣದಿಂದ ಎಣಿಸಬೇಡಿ' ಅಂತಿದ್ದೆ!" ಎಂದು ಕೋಟಿನ ಕಡೆ ತಿರುಗಿ, "ಒಂದು ಮಾತು ಹೇಳಲಿಕ್ಕೆ ನಿಮಗೆ ಎಂತ ಆಗಿತ್ತು?" ಎಂದು ಗದರಿಸಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದೆ. ನಗುತ್ತಿದ್ದರು. ನನಗೂ ತಡೆಯಲಾಗಲಿಲ್ಲ. ಸೂತಕದ ಮನೆಯಲ್ಲಿ ಇಬ್ಬರು ಹೆಂಗಸರು ಹಾಗೆ ನಗುವುದನ್ನು ಕೇಳಿ, ಓಣಿಯ ಆಚೆಯಿಂದ ಅತ್ತೆ, "ಎಂತ ಆಯ್ತು ಅಲ್ಲಿ?" ಎಂದು ಕೂಗಿದರು.

"ಬಂದು ಹೇಳ್ತೇನೆ ಅತ್ತೆ" ಎಂದೆ. ಹೇಳಿದೆ ಕೂಡ. ಬೈಗಳು ಸಿಕ್ಕಿತು, ಸಾಕಷ್ಟು.

ಆ ಸಂಜೆ ದೀಪದ ಎದುರು ಬೆರಳು ಮಡಚುವಾಗ ಮೊದಲನೆಯ ಗೆಣ್ಣಿಗೆ ನಾನು ಎಣಿಸಿದ್ದು ಇದನ್ನು: ಸರಿಯಾದ ದಿನ ಹೋಗಿದ್ದರೆ ಇಗರ್ಜಿಯ ತುಂಬ ಜನ ಇರುತ್ತಿದ್ದರು. ಮೊಣಕಾಲೂರಿ ಎದ್ದು ಬರುತ್ತಿದ್ದೆ. ಬಾಯಿ ಬಿಡುತ್ತಿರಲಿಲ್ಲ.